ಬಾಯಿಗೆ ಬಾರದ ಹೆಸರು

“ಮಗು ನಿಮ್ಮ ಮುಖ ನೋಡಿ ಮಾತಾಡುತ್ತಾಳಾ?” ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದ್ದು ತಾಯಿ ಕಾರ್ತಿಕಾಳನ್ನು. ಉತ್ತರ ಕೊಟ್ಟವಳು ಅವಳ ಅತ್ತೆ ಕಾಳಿಯಮ್ಮಾಳ್. “ಓಹೋ! ಬಾಯಿ ಮುಚ್ಚಿಸೋದೇ ಕಷ್ಟ.”

ನಾಲ್ಕು ವರ್ಷದ ಕೂಸು ಮೇಜಿನ ಪಕ್ಕ ಕೂತು ನೀರಿನ ಬಾಟಲಿಯ ಮುಚ್ಚಳವನ್ನು ನೆಲದ ಮೇಲೆ ಗಿರಗಿರ ಆಡಿಸುತ್ತಿತ್ತು. ಬಂದಾಗಿನಿಂದ ಅದೇ ಆಟ.

ಕಾಳಿಯಮ್ಮಾಳಿಗೆ ಈ ಡಾಕ್ಟರಮ್ಮನ ಮೇಲೆ ಚೂರೂ ನಂಬಿಕೆಯಿಲ್ಲ. ತೇನಿ ಹೊಸ ಜಿಲ್ಲೆಯಾದ ಮೇಲೆ ಇಲ್ಲಿನ ಆಸ್ಪತ್ರೆಗೆ ಮದುರೈಯಿಂದ ತಿಂಗಳಿಗೊಮ್ಮೆ ಬರುವವಳು. ಸೂಜಿಯಿಲ್ಲ, ಮಾತ್ರೆಯಿಲ್ಲ, ಬರೀ ಕೇಳುವುದು, ಬರೆಯುವುದು. ಇದ್ಯಾವ ಸೀಮೆ ವೈದ್ಯ? ಸೊಸೆಯ ಮೇಲಂತೂ ಇನ್ನೂ ಗುಮಾನಿ. ಬಾಲವಾಡಿ ಟೀಚರ್ ಏನೋ ಕಿವಿ ಊದಿದಳಂತೆ, ಇವಳು ಮಾರ್ಕಯನ್‌ಕೋಟ್ಟೈಯಿಂದ ಬೆಳಗಿನ ಬಸ್ಸಿಗೇ ಕೂಸನ್ನೆತ್ತಿಕೊಂಡು ಹೊರಟಳಂತೆ! ಅತ್ತೆ ಬಿಡುತ್ತಾಳೆಯೇ? ಕರೆಯದಿದ್ದರೂ ಬಸ್ಸು ಹತ್ತಿದ್ದಳು. ‘ಬುದ್ಧಿ ಸರಿಯಿಲ್ಲ’ ಎಂದು ಒಂದು ಸಲ ಕಾಗದದ ಮೇಲೆ ಬಿದ್ದರೆ ಹೆಣ್ಣುಕೂಸಿನ ಬಾಳು ಮುಗಿಯಿತು ಎಂಬುದು ಅವಳ ಹೆದರಿಕೆ.

“ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾಳಾ?”

“ತೋರಿಸ್ತಾಳೆ.”

“ಬೇರೆ ಮಕ್ಕಳ ಜೊತೆ ಆಡುತ್ತಾಳಾ?”

“ಬೀದಿ ಮಕ್ಕಳೆಲ್ಲಾ ನಮ್ಮನೇಲೇ!”

“ಅತ್ತೆ, ನಿಜ ಹೇಳಿ,” ಕಾರ್ತಿಕಾ ಮನೆಮಾತಾದ ಕನ್ನಡದಲ್ಲಿ ಪಿಸುಗುಟ್ಟಿದಳು.

“ಹೆತ್ತ ಕೂಸಿಗೆ ನೀನೇ ಹುಚ್ಚಿ ಪಟ್ಟ ಕಟ್ಟಬೇಕಾ? ಸುಮ್ನಿರು.”

ಡಾಕ್ಟರಮ್ಮ ಎದ್ದು ಕೂಸಿನ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಕೂಸು ಬೆಚ್ಚಿ ಎರಡೂ ಕಿವಿ ಮುಚ್ಚಿಕೊಂಡಿತು. ಆಮೇಲೆ “ಪೊನ್ನಮ್ಮಾಳ್” ಎಂದು ಮೂರು ಸಲ ಕರೆದಳು. ಕೂಸು ಮುಚ್ಚಳ ಬಿಟ್ಟು ಕತ್ತೆತ್ತಲಿಲ್ಲ.

ಕಾಳಿಯಮ್ಮಾಳ್ ಗೆದ್ದವಳಂತೆ ನಕ್ಕಳು. “ಟೀಚರದ್ದೂ ಇದೇ ದೂರು, ಕರೆದ್ರೆ ತಿರುಗಲ್ಲ ಅಂತ! ಅದು ನಮ್ಮತ್ತೆ ಹೆಸರು. ಸತ್ತ ಹಿರಿಯರ ಹೆಸರನ್ನ ಕೂಸಿಗಿಟ್ಟಿದ್ದೀವಿ, ಆದ್ರೆ ಮನೇಲಿ ಯಾರೂ ಬಾಯಲ್ಲಿ ತರಲ್ಲ. ‘ಅವ್ವಾ’ ಅಂತೀವಿ. ಕೇಳದ ಹೆಸರಿಗೆ ಕೂಸು ಹೆಂಗೆ ತಿರುಗುತ್ತೆ?”

“ಸರಿ ಅಜ್ಜಿ. ಮನೆಯಲ್ಲಿ ಹೇಗೆ ಕರೆಯುತ್ತೀರೋ ಹಾಗೆಯೇ ಕರೆಯಿರಿ.”

“ಅವ್ವಾ!” ಅಜ್ಜಿ ಮುದ್ದಿನಿಂದ ಕರೆದಳು. “ಅವ್ವಾ, ನನ್ನ ಕಣ್ಣೇ, ಇಲ್ನೋಡು!” ಮುಚ್ಚಳ ಸುತ್ತುತ್ತಲೇ ಇತ್ತು. ಇನ್ನೂ ಜೋರಾಗಿ ಕರೆದಳು. ಮನೆಯಲ್ಲಾದರೆ ಅವಳೇ ಹೋಗಿ ಎತ್ತಿಕೊಳ್ಳುತ್ತಿದ್ದಳು. ಕರೆದಾಗ ಇದು ಎಂದಾದರೂ ತಿರುಗಿ ನೋಡಿತ್ತೇ? ಎಷ್ಟು ಕೆದಕಿದರೂ ಒಂದು ದಿನವೂ ನೆನಪಿಗೆ ಬರಲಿಲ್ಲ.

ಕಾಳಿಯಮ್ಮಾಳ್ ಎದ್ದಳು. ಸೆರಗು ಸರಿಮಾಡಿಕೊಂಡು, ತಪ್ಪಾಯಿತೆಂದು ಎರಡೂ ಗಲ್ಲ ಬಡಿದುಕೊಂಡಳು. ಮದುವೆಯಾಗಿ ಬಂದ ನಲವತ್ತು ವರ್ಷದಲ್ಲಿ ಒಮ್ಮೆಯೂ ಆಡದ ಹೆಸರನ್ನು ಗಂಟಲು ಬಿರಿಯುವಂತೆ ಕೂಗಿದಳು.

“ಪೊನ್ನಮ್ಮಾಳ್!”

ಕಾರ್ತಿಕಾ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಕೂಸು ಕಿವಿ ಮುಚ್ಚಿಕೊಂಡು ಮುಚ್ಚಳವನ್ನೇ ನೋಡುತ್ತಿತ್ತು. ಮುಚ್ಚಳ ಸುತ್ತಿ ಸುತ್ತಿ ಮಗುಚಿ ಬಿತ್ತು. ಕೂಸು ಎತ್ತಿಕೊಂಡು ಮತ್ತೆ ಆಡಿಸಿತು.

ಕಾಳಿಯಮ್ಮಾಳ್ ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

“ಡಾಕ್ಟ್ರಮ್ಮಾ, ಆ ಕಾಗದ ಹರಿದು ಹಾಕಿ. ಮೊದಲನೇದರಿಂದ ಕೇಳಿ. ಈ ಸಲ ನನ್ನ ಸೊಸೆ ಹೇಳ್ತಾಳೆ.”