ನಲವತ್ತೇಳನೆಯ ಹಾಳೆ

"ಈ ರುಜು ನಿಮ್ಮದೇ ತಾನೆ, ಮಾವ?"

ಅವಳು ಕಂಪ್ಯೂಟರಿನ ಪರದೆಯನ್ನು ಮುದುಕರ ಕಡೆ ತಿರುಗಿಸಿದಳು. ಮೂವತ್ತೊಂದು ವರ್ಷ ಹಿಂದಿನ ರಿಜಿಸ್ಟರಿನ ಪುಟ. ಕಡತ ಹೊರಗೆ ಹೋದ ತಾರೀಕು, ಎಲ್ಲಿಗೆ ಎಂಬ ಕಡೆ 'ಮನೆಗೆ' ಎಂಬ ಒಂದೇ ಪದ, ಎದುರಿಗೆ ಬಾಲ ಉದ್ದ ಎಳೆದ ಸಹಿ. ಮುದುಕರು ಕನ್ನಡಕ ಒರೆಸಿಕೊಂಡು ನೋಡಿದರು.

ಕಾನೂನು ಗ್ರಂಥಾಲಯದಲ್ಲಿ ಅವಳಿಗೆ ಎರಡು ಕೆಲಸ. ಹಳೆಯ ಮೊಕದ್ದಮೆಗಳ ಕಡತ ಸ್ಕ್ಯಾನ್ ಮಾಡಿಸಿ ಜಾಲತಾಣಕ್ಕೆ ಏರಿಸುವುದು ಒಂದು, ಗ್ರಂಥಾಲಯದ ಸಂಶೋಧನಾ ಪತ್ರಿಕೆ ಹೊರತರುವುದು ಇನ್ನೊಂದು. ಎರಡಕ್ಕೂ ಕಟ್ಟಳೆ ಬರೆದವಳು ಅವಳೇ. ಹಾಳೆಯ ಹಿಂಬದಿ ಖಾಲಿ ಇದ್ದರೂ ಸ್ಕ್ಯಾನ್ ಮಾಡಲೇಬೇಕು. ಪತ್ರಿಕೆಯಲ್ಲಿ ಒಮ್ಮೆ ಪ್ರಕಟವಾದದ್ದನ್ನು ಯಾರು ಕಾಲಿಗೆ ಬಿದ್ದರೂ ಅಳಿಸುವಂತಿಲ್ಲ. ತಪ್ಪಿದ್ದರೆ ಕೆಳಗೊಂದು ತಿದ್ದುಪಡಿ ಹಾಕಬಹುದು, ಬರಹ ಮಾತ್ರ ಇದ್ದ ಹಾಗೇ ಇರಬೇಕು. ಸಹೋದ್ಯೋಗಿಗಳು ಬೆನ್ನ ಹಿಂದೆ ಅವಳನ್ನು 'ಶಿಲಾಶಾಸನ' ಎನ್ನುತ್ತಿದ್ದರು. ಅವಳಿಗದು ಗೊತ್ತಿತ್ತು, ಇಷ್ಟವೂ ಆಗಿತ್ತು.

ಅವಳ ಅಪ್ಪನೂ ಇಲ್ಲೇ ಗುಮಾಸ್ತ. ಕೋರ್ಟಿನ ದಾಖಲೆ ಕೋಣೆ ಆಗ ಗ್ರಂಥಾಲಯದೊಳಗೇ ಇತ್ತು. ಬಟ್ಟೆ ಗಿರಣಿಗೆ ಬೆಂಕಿ ಬಿದ್ದು ಹನ್ನೊಂದು ಹೆಂಗಸರು ಸತ್ತ ಮೊಕದ್ದಮೆಯ ಕಡತ ಅಪ್ಪನ ಸುಪರ್ದಿಯಲ್ಲಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿಸಿದ್ದು ಮಾಲೀಕನೇ ಎಂದು ಕಾವಲುಗಾರ ಸಾಯುವ ಮುಂಚೆ ಕೊಟ್ಟ ಹೇಳಿಕೆಯೇ ನಲವತ್ತೇಳನೆಯ ಹಾಳೆ. ಮೇಲ್ಮನವಿಯ ದಿನ ಆ ಹಾಳೆ ನಾಪತ್ತೆ. ಮಾಲೀಕ ಮೀಸೆ ತಿರುವಿಕೊಂಡು ಹೊರಬಂದ. ಗುಮಾಸ್ತ ಲಂಚ ತಿಂದು ಹಾಳೆ ಮಾರಿದ ಎಂದು ಊರಿಗೆ ಊರೇ ಆಡಿಕೊಂಡಿತು. ಅಪ್ಪ ಒಂದೇ ಒಂದು ಮಾತು ಆಡಲಿಲ್ಲ. ಕೆಲಸ ಕಳೆದುಕೊಂಡು ಎರಡು ವರ್ಷ ಗೋಡೆ ನೋಡುತ್ತ ಕೂತಿದ್ದ, ಹಾಗೇ ಹೋಗಿಬಿಟ್ಟ.

ಹಾಳೆ ನಾಪತ್ತೆಯಾದಾಗ ಅವಳಿಗೆ ಆರು ವರ್ಷ. ನೆನಪಿರುವುದು ಅಷ್ಟಿಷ್ಟೇ. ಅಪ್ಪ ಕಚೇರಿಯಿಂದ ಒಂದು ಮಗ್ಗುಲು ಖಾಲಿ ಇರುವ ರದ್ದಿ ಕಾಗದ ತಂದುಕೊಡುತ್ತಿದ್ದದ್ದು, ಅವಳು ಅದರ ತುಂಬ ಆರು ಕಾಲಿನ ಕುದುರೆ ಬರೆಯುತ್ತಿದ್ದದ್ದು. "ನಾಲ್ಕೇ ಕಾಲು ಕಣೇ" ಎಂದು ಅಮ್ಮ ಗದರಿದರೆ, "ನಂದು ಜೋರಾಗಿ ಓಡುತ್ತೆ" ಎಂದು ವಾದ. ಕೆಲಸ ಹೋದ ಮೇಲೆ ಕಾಗದವೂ ಬರಲಿಲ್ಲ, ಕುದುರೆಯೂ ಓಡಲಿಲ್ಲ. 'ಲಂಚದವನ ಮಗಳು' ಎಂಬ ಹೆಸರು ಮಾತ್ರ ಶಾಲೆ ಮುಗಿಯುವವರೆಗೂ ಬೆನ್ನು ಬಿಡಲಿಲ್ಲ. ಅಪ್ಪನ ಹೆಸರಿನ ಮೇಲಿನ ಮಸಿ ತೊಳೆಯಲೆಂದೇ ಅವಳು ಈ ಕೆಲಸಕ್ಕೆ ಬಂದದ್ದು.

ಮಾವ ಎಂದರೆ ರಕ್ತಸಂಬಂಧವಲ್ಲ. ಅಪ್ಪನ ಪಕ್ಕದ ಮೇಜಿನ ಗೆಳೆಯ, ದಾಖಲೆ ಕೋಣೆಯ ಮೇಲ್ವಿಚಾರಕ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವರು, ಈ ಕೆಲಸಕ್ಕೆ ಅರ್ಜಿ ಹಾಕಿಸಿದವರು. ಅಷ್ಟೊಂದು ಅಕ್ಕರೆ ಯಾಕೆಂದು ಅವಳಿಗೆ ಈಗ ತಿಳಿಯಿತು.

"ಕಡತ ಮನೆಗೆ ಹೋಗಿದ್ದು ಯಾಕೆ?"

"ಪರಿವಿಡಿ ಬರೆಯೋದು ಬಾಕಿ ಇತ್ತು. ಕಡತ ಹೊರಗೆ ಬಿಡೋ ಅಧಿಕಾರ ಇದ್ದದ್ದು ನಂಗೊಬ್ಬನಿಗೇ. ರುಜು ನಂದೇ."

"ವಾಪಸ್ ಬಂದಾಗ ಆ ಹಾಳೆ ಇರ್ಲಿಲ್ಲ."

"ಇರ್ಲಿಲ್ಲ."

"ಅಂದ್ರೆ ಅಪ್ಪ ಮಾರ್ಲಿಲ್ಲ."

"ನಿಮ್ಮಪ್ಪ ಅಪರಂಜಿ, ಪುಟ್ಟಿ. ಅದನ್ನ ನಿನ್ನ ಪತ್ರಿಕೇಲಿ ದಪ್ಪಕ್ಷರದಲ್ಲಿ ಬರಿ."

"ನಿಮ್ಮ ಹೆಸರನ್ನೂ ಬರೀತೀನಿ. ಒಮ್ಮೆ ಬಂದ್ರೆ ಅಳಿಸೋಕಾಗಲ್ಲ, ಗೊತ್ತಲ್ಲ?"

ಮಾವ ಮೇಜು ಹಿಡಿದು ಎದ್ದರು. "ಬರಿ. ಆ ಹನ್ನೊಂದು ಜನರ ಭಾರ ನನ್ನ ತಲೆ ಮೇಲೇ ಇರ್ಲಿ. ಆದ್ರೆ ಅಲ್ಲಿಗೆ ಮುಗೀಬೇಕು. ಆ ಹಾಳೆ ಹುಡುಕ್ತಾ ಹೋಗ್ಬೇಡ. ಅಷ್ಟು ಮಾತು ಕೊಡು."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು. ಮಾತು ಕೊಡಲಿಲ್ಲ.

ಲೇಖನ ಪ್ರಕಟವಾಯಿತು. ಮಾವನ ಪೂರ್ತಿ ಹೆಸರು, ಹುದ್ದೆ, ಸಹಿಯ ಚಿತ್ರ ಎಲ್ಲವೂ ಇತ್ತು. ಗ್ರಂಥಾಲಯದ ಗೋಡೆಯಿಂದ ಅವರ ಭಾವಚಿತ್ರ ಇಳಿಯಿತು, ಸದಸ್ಯತ್ವ ರದ್ದಾಯಿತು. ನಿನ್ನೆವರೆಗೆ ಎದ್ದು ನಿಂತು ನಮಸ್ಕರಿಸುತ್ತಿದ್ದ ವಕೀಲರು ಅವರನ್ನು ಕಂಡು ರಸ್ತೆ ದಾಟತೊಡಗಿದರು. ಅವರ ಹೆಂಡತಿ ಫೋನ್ ಮಾಡಿದರು.

"ನಾಲ್ಕು ದಿನದಿಂದ ಒಂದು ತುತ್ತು ತಿಂದಿಲ್ಲ ಕಣಮ್ಮಾ. ನೀನೊಂದ್ಸಲ ಬಂದು ಹೋಗು."

"ನಮ್ಮಪ್ಪನೂ ತಿಂತಿರ್ಲಿಲ್ಲ, ಅತ್ತೆ" ಎಂದು ಫೋನ್ ಇಟ್ಟಳು. ಮೂವತ್ತೊಂದು ವರ್ಷದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡಳು.

ವಾರ ಕಳೆದು, ಓದುವ ಕೋಣೆಯಲ್ಲಿದ್ದ ಮಾವನ ಲಾಕರನ್ನು ಆಡಳಿತದವರು ಒಡೆದರು. ಒಂದು ಶಾಲು, ಒಂದು ಮುರಿದ ಕನ್ನಡಕ, ಬಟ್ಟೆಯಲ್ಲಿ ಸುತ್ತಿದ ರಟ್ಟು. ರಟ್ಟಿಗೆ ನಾಲ್ಕು ಮೂಲೆಯಲ್ಲೂ ಜೋಪಾನವಾಗಿ ಸಿಕ್ಕಿಸಿದ ಒಂದು ಹಾಳೆ. ಕೋರ್ಟಿನ ಮೊಹರು, ಕಾವಲುಗಾರನ ಹೆಬ್ಬೆಟ್ಟು, ಮೇಲ್ಗಡೆ ನಲವತ್ತೇಳು.

"ಮಾಲು ಸಮೇತ ಸಿಕ್ಕಿಬಿದ್ದ!" ಎಂದರು ನಿರ್ದೇಶಕರು. ಕೋಣೆಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಅವಳ ಕಣ್ಣು ತುಂಬಿ ಬಂತು. ಅಪ್ಪ ಇರಬೇಕಿತ್ತು ಅನ್ನಿಸಿತು.

ಹಾಳೆಯನ್ನು ರಟ್ಟಿನಿಂದ ಬಿಡಿಸಿ ತಾನೇ ಸ್ಕ್ಯಾನರಿನ ಗಾಜಿನ ಮೇಲೆ ಇಟ್ಟಳು. ಎದುರಿನ ದೊಡ್ಡ ಪರದೆಯ ಮೇಲೆ ಹೇಳಿಕೆಯ ಅಕ್ಷರಗಳು ಒಂದೊಂದೂ ಸ್ಪಷ್ಟವಾಗಿ ಮೂಡಿದವು.

"ಸಾಕಮ್ಮ, ಹಿಂದೆ ಖಾಲಿ ಇರುತ್ತೆ ಬಿಡು" ಎಂದರು ನಿರ್ದೇಶಕರು.

"ಕಟ್ಟಳೆ ಅಂದ್ರೆ ಕಟ್ಟಳೆ, ಸಾರ್" ಎಂದು ನಗುತ್ತ ಹಾಳೆ ಮಗುಚಿದಳು.

ಪರದೆಯ ತುಂಬ ಕೆಂಪು ಬಣ್ಣದ ಕುದುರೆಯೊಂದು ಓಡುತ್ತಿತ್ತು, ಆರು ಕಾಲಿನಲ್ಲಿ.