ಮುಚ್ಚಳದ ಮೇಲೆ ಗುಂಡುಕಲ್ಲು

ನಿಂಬೆರಸದ ಬಾಟಲಿಗೆ ಅಡುಗೆ ಸೋಡ ಸುರಿದು ಬಿರಡೆ ಜಡಿದ ಪ್ರಫುಲ್ಲ ಮಿಸ್, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಒಳಗೆ ನೊರೆ ಬುಸುಗುಟ್ಟುತ್ತಿತ್ತು. "ಅನಿಲ ಹೊರಗೆ ಬರೋಕೆ ನನ್ನ ಬೆರಳನ್ನೇ ತಳ್ತಿದೆ, ನೋಡಿ!" ಬೆರಳು ತೆಗೆದದ್ದೇ ತಡ, ಬಿರಡೆ ಟಪ್ಪೆಂದು ಹಾರಿ ಮಾಡಿನ ಹೆಂಚಿಗೆ ಬಡಿಯಿತು. ಹೆಮ್ಮರಗಾಲ ಶಾಲೆಯ ಎಂಟನೇ ತರಗತಿ ಹೋ ಎಂದು ಕೂಗಿತು. "ಬಿಡದೆ ಒತ್ತಿ ಹಿಡಿದಿದ್ರೆ ಬಾಟಲಿನೇ ಒಡೆದು ಹೋಗ್ತಿತ್ತು," ಎಂದರು ಮಿಸ್.

ಕೋಮಲ ಮಾತ್ರ ನಗಲಿಲ್ಲ. ಅವಳ ಮನೆಯವರು ಬಾಳೆಕಾಯಿ ಕೊಂಡು, ಹಣ್ಣು ಮಾಡಿ ನಂಜನಗೂಡಿನಲ್ಲಿ ಮಾರುತ್ತಿದ್ದರು. "ಮಿಸ್, ಕಾಯಿ ಅಣ್ಣು ಮಾಡಾಕೆ ತಂದಿರೋ ಕಾರ್ಬೈಡ್ ಡಬ್ಬದ ಮುಚ್ಚಳನೂ ಇಂಗೇ ಏಳ್ತಾ ಅದೆ. ರಾತ್ರಿ ಮನೆ ಸೋರಿ ಅದ್ರೊಳಕ್ಕೆ ನೀರು ಇಳ್ದದೆ. ಮುಚ್ಚಳ ನಿಲ್ಲಾಕಿಲ್ಲ ಅಂತ ಅಜ್ಜಿ ಮ್ಯಾಲೆ ಗುಂಡುಕಲ್ಲು ಮಡಗವಳೆ."

ಬಿರಡೆ ಹೆಕ್ಕಲು ಬಗ್ಗಿದ್ದ ಮಿಸ್ ಬಗ್ಗಿದಂತೆಯೇ ನಿಂತರು. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣ ಕರಗಿಸುವ ಉರಿಯೂ ಕಾರ್ಬೈಡಿಗೆ ನೀರು ಬಿದ್ದು ಏಳುವ ಅನಿಲದ್ದೇ ಎಂದು ಹೋದ ವಾರ ಅವರೇ ಪಾಠ ಮಾಡಿದ್ದರು. "ಕೋಮಲ, ಆ ಡಬ್ಬ ಇರೋ ಕೋಣೇಲಿ ಒಲೆ, ದೀಪ ಏನಾದ್ರೂ ಇದೆಯೇನಮ್ಮ?"

"ಬೆಂಕಿ ಗಿಂಕಿ ಏನೂ ಇಲ್ಲ ಮಿಸ್," ಎಂದಳು ಕೋಮಲ, ಮಿಸ್ ಮುಖ ನೋಡಿ ಅವರಿಗೇ ಧೈರ್ಯ ಹೇಳುವಂತೆ. "ಅಜ್ಜಿ ಬಾಗ್ಲು ಕಿಟ್ಕಿ ಎಲ್ಲಾ ಮುಚ್ಚವಳೆ. ಆದ್ರೂ ಕೆಟ್ ವಾಸ್ನೆ ತಡಿಯಾಕಾಯ್ತಿಲ್ಲ ಅಂತ, ನಾನು ಬರೋವಾಗ ಗಂಧದ್ಕಡ್ಡಿ ತರಾಕೆ ಅಂಗ್ಡೀಗೆ ಓಯ್ತಿದ್ಲು."