ಎರಡನೇ ಒಪ್ಪಿಗೆ

ಲ್ಯಾಪ್‌ಟಾಪಿನಲ್ಲಿ 'ಕಳುವಾಗಿದೆ' ಅನ್ನುವ ಕೆಂಪು ಗುಂಡಿ ಒತ್ತಿ, ಐಟಿ ಮ್ಯಾನೇಜರ್ ಊಟದ ಮೇಜಿನ ಮೇಲಿದ್ದ ಹಳೇ ಫೋನನ್ನೇ ದಿಟ್ಟಿಸಿದ. ಒತ್ತಿದ ಮರುಕ್ಷಣ ಅದು ಲಾಕ್ ಆಗಿ, ಬೀದಿಗೆಲ್ಲ ಕೇಳುವಂತೆ ಅರಚಿಕೊಳ್ಳಬೇಕಿತ್ತು. ಅದೋ, ಹಾಲು ಕುಡಿದು ಮಲಗಿದ ಕೂಸಿನ ಹಾಗೆ ತೆಪ್ಪಗೆ ಬಿದ್ದಿತ್ತು. ಇನ್ನೊಂದು ಸಲ ಒತ್ತಿದ. ಊಹೂಂ.

ಕಂಪನಿಯ ನಾನೂರು ಚಿಲ್ಲರೆ ಫೋನು, ಲ್ಯಾಪ್‌ಟಾಪುಗಳನ್ನು ಒಂದೇ ಕಡೆ ಕೂತು ಕಾಯಬಲ್ಲ ಸಾಫ್ಟ್‌ವೇರ್ ಯಾವುದು ಅಂತ ಸೋಮವಾರ ಅವನು ಹೇಳಬೇಕು. ಕಣದಲ್ಲಿ ಉಳಿದಿದ್ದು ಎರಡೇ. ಹೋದ ವರ್ಷ ಅವನೇ ಮೆಚ್ಚಿ ತಂದಿದ್ದ ಬೇರೊಂದು, ಒಂದೇ ಒಂದು ತಪ್ಪು ಕ್ಲಿಕ್ಕಿಗೆ ದೊಡ್ಡ ಸಾಹೇಬರ ಫೋನನ್ನು ತೊಳೆದಿಟ್ಟ ತಟ್ಟೆಯಷ್ಟು ಖಾಲಿ ಮಾಡಿತ್ತು. "ಈ ಸಲವೂ ಎಡವಟ್ಟಾದ್ರೆ ನೀವು ನೆಲಮಾಳಿಗೆಯಲ್ಲಿ ಪ್ರಿಂಟರ್ ನೋಡ್ಕೊಂಡು ಇದ್ದುಬಿಡಿ" ಅಂತ ಸಾಹೇಬರು ನಗುನಗುತ್ತಲೇ ಹೇಳಿದ್ದರು. ಆ ನಗು ಇವನಿಗೆ ಇನ್ನೂ ಅರಗಿರಲಿಲ್ಲ. ಅದಕ್ಕೇ ಆಫೀಸಿನ ಸಾಮಾನು ಮುಟ್ಟದೆ, ಡ್ರಾಯರಿನಲ್ಲಿದ್ದ ತನ್ನ ಹಳೇ ಫೋನಿನ ಮೇಲೆ ಆ ಎರಡರಲ್ಲಿ ಒಂದರ ಈ ಪರೀಕ್ಷೆ. ಜೊತೆಗೆ ಬಿಗಿ ನಿಯಮ ಬೇರೆ ಹಾಕಿದ್ದ: ಕಳುವೆಂದು ಸಾರಿದ ಫೋನನ್ನು ಖಾಲಿ ಮಾಡುವುದಕ್ಕಾಗಲಿ ಲಾಕಿನಿಂದ ಬಿಡಿಸುವುದಕ್ಕಾಗಲಿ ಇಬ್ಬರ ಒಪ್ಪಿಗೆ ಬೇಕು. ಒಂದು ಅವನದು. ಎರಡನೆಯದನ್ನು ಕೊಡಬೇಕಾದ ಸಹೋದ್ಯೋಗಿ ರಜೆಯಲ್ಲಿದ್ದನಾದ್ದರಿಂದ, ಆ ಜಾಗಕ್ಕೆ ಹೆಂಡತಿಯ ನಂಬರು ಹಾಕಿದ್ದ.

"ಹಾಳಾದ್ದು, ಕೆಲಸಕ್ಕೆ ಬಾರದ್ದು" ಅಂತ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೀಟು ಎಳೆಯುವ ಹೊತ್ತಿಗೆ ಅವನ ಮೊಬೈಲು ಬಡಿದುಕೊಂಡಿತು.

"ಸಾರ್, ನಿಮ್ಮ ಫೋನೇನಾದ್ರೂ ಕಳುವಾಗಿದೆಯಾ?" ಆ ಕಡೆಯವನು ಪಿಸುಗುಟ್ಟಿದ. ಅವನ ಹಿಂದೆ ಏನೋ ಹೋ ಎಂದು ಅರಚುತ್ತಿತ್ತು. "ನಾನು ಮುಖ್ಯರಸ್ತೆ ಕನ್ನಡಕದ ಅಂಗಡಿಯವನು. ಕಳ್ಳಿ ಇಲ್ಲೇ ಕೂತಿದಾಳೆ. ವಯಸ್ಸಾದ ಹೆಂಗಸು ಸಾರ್, ನೋಡಿದ್ರೆ ಮರ್ಯಾದಸ್ಥರ ಮನೆಯವರ ಹಾಗಿದಾರೆ. ಕನ್ನಡಕ ರಿಪೇರಿಗೆ ಕೊಟ್ಟು ಕೂತಿದ್ರು, ಫೋನು ಅರಚಿಕೊಳ್ತು. 'ಕಣ್ಣು ಕಾಣಲ್ಲಪ್ಪಾ, ಏನು ಬರೆದಿದೆ ಓದಿ ಹೇಳು' ಅಂತ ತಾವೇ ತಂದು ಕೈಗೆ ಕೊಟ್ರು. ಓದಿದ್ರೆ, 'ಇದು ಕದ್ದ ಫೋನು, ಸಿಕ್ಕವರು ಈ ನಂಬರಿಗೆ ತಿಳಿಸಿ' ಅಂತಿದೆ! ಎಷ್ಟು ಗಟ್ಟಿಗಿತ್ತಿ ನೋಡಿ. ಬಾಯಿ ತೆಗೆದ್ರೆ ಅಳಿಯ ಕೊಟ್ಟಿದ್ದು ಅಂತಾರೆ."

ಮ್ಯಾನೇಜರ್ ಮೇಜಿನ ಮೇಲಿನ ಫೋನನ್ನು ತಿರುಗಿಸಿ ನೋಡಿದ. ಅವನ ಹತ್ತಿರ ಒಂದೇ ಬಗೆಯ ಹಳೇ ಫೋನು ಎರಡಿದ್ದವು. ಒಂದು ಡ್ರಾಯರಿಗೆ ಹೋಗಿತ್ತು, ಇನ್ನೊಂದು ಅತ್ತೆಗೆ. ಮೊನ್ನೆ ಸಾಫ್ಟ್‌ವೇರ್ ಹಾಕುವಾಗ ಎರಡೂ ಅಕ್ಕಪಕ್ಕ ಚಾರ್ಜಿಗೆ ಕೂತಿದ್ದವು.

ಅವನು ಅಂಗಡಿಗೆ ಓಡಿ ಬಂದಾಗ ಅತ್ತೆ ಕಣ್ಣುಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ಕಟಕಟೆಯಲ್ಲಿದ್ದಂತೆ ಕೂತಿದ್ದರು. ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲು. ಕನ್ನಡಕ ಕೊಳ್ಳಲು ಬಂದಿದ್ದ ನಾಲ್ಕು ಜನ ಕನ್ನಡಕ ಬಿಟ್ಟು ಇವರನ್ನೇ ನೋಡುತ್ತಿದ್ದರು.

"ಯಾರದು, ಅಳಿಯಂದಿರಾ? ನೀವೇ ಹೇಳಿ ಇವರಿಗೆ. ಈ ಫೋನು ಯಾರದ್ದು?"

"ನಿಮ್ಮದೇ ಅತ್ತೆ."

"ಮತ್ತೆ ಯಾಕೆ ಹೀಗೆ ಬಾಯಿ ಬಡ್ಕೊಳ್ತಿದೆ?"

"ಅದು ಸ್ವಲ್ಪ... ಪರೀಕ್ಷೆ."

"ತಪ್ಪು ತಿಳೀಬೇಡಿ ಸಾರ್," ಅಂಗಡಿಯವನು ಫೋನನ್ನು ಎದೆಗೆ ಅವುಚಿಕೊಂಡ. "ಅದು ಸುಮ್ಮನಾಗೋವರೆಗೂ ನಾನು ಕೊಡಲ್ಲ. ನೀವಿಬ್ಬರೂ ಒಂದೇ ಗುಂಪಿನವರಿರಬಹುದು."

ಮ್ಯಾನೇಜರ್ ತನ್ನ ಮೊಬೈಲಿನಲ್ಲಿ 'ಬಿಡುಗಡೆ' ಒತ್ತಿದ. ಮೊದಲ ಒಪ್ಪಿಗೆ ಬಂದಿದೆ, ಎರಡನೆಯದಕ್ಕೆ ಕಾಯಿರಿ ಅಂತ ಬಂತು. ತಂಗಿಯ ಮನೆಗೆ ಹೋಗಿದ್ದ ಹೆಂಡತಿಗೆ ಫೋನು ಹಚ್ಚಿದ. ಆ ಗದ್ದಲದಲ್ಲಿ ಕಿವಿಗೆ ಏನೂ ಬೀಳದೆ ಸ್ಪೀಕರಿಗೆ ಹಾಕಿದ.

"ನನ್ನ ಫೋನು ಅದೇನೋ ಒಪ್ಪಿಗೆ ಕೇಳ್ತಿದೆ ರೀ. ಏನದು ಕಿರುಚಾಟ?"

"ಸುಮ್ಮನೆ ಒತ್ತೇ, ಆಮೇಲೆ ಹೇಳ್ತೀನಿ."

"ಕಣ್ಣು ಮುಚ್ಚಿ ಒಪ್ಪಬೇಡ ಅಂತ ಮೊನ್ನೆ ಅರ್ಧ ಗಂಟೆ ಪಾಠ ಮಾಡಿದವರು ಯಾರು? 'ಕಾರಣ' ಅನ್ನೋ ಜಾಗ ಖಾಲಿ ಬಿಟ್ಟಿದೀರಿ. ಮೊದಲು ಅದನ್ನ ತುಂಬಿ."

"ಕಾರಣ ನಾನು ಕಣೇ!" ಕುರ್ಚಿಯಿಂದ ಅತ್ತೆಯ ದನಿ ಎದ್ದಿತು. "ನಿನ್ನ ಗಂಡ ನನ್ನನ್ನ ಕಳ್ಳಿ ಮಾಡಿ ಕೂರಿಸಿದಾರೆ!"

ಫೋನು ಅರಚುತ್ತಲೇ ಇತ್ತು. ಮ್ಯಾನೇಜರ್ ಬೆವರು ಒರೆಸಿಕೊಂಡು ಕಾರಣ ಬರೆದು ಕಳಿಸಿದ.

"ಬಂತು," ಹೆಂಡತಿ ತಣ್ಣಗೆ ಹೇಳಿದಳು. "ಈಗ ಗಟ್ಟಿಯಾಗಿ ಓದಿ. ಅಮ್ಮನ ಹತ್ತಿರ ಕನ್ನಡಕ ಇಲ್ಲ."

ಅವನು ಸುತ್ತ ನೋಡಿದ. ಗೋಡೆಗೆ ಜೋಡಿಸಿದ್ದ ನೂರಾರು ಕನ್ನಡಕಗಳೂ ಅವನತ್ತಲೇ ತಿರುಗಿದ್ದವು. "ಫೋನು ಅತ್ತೆಯದು," ಅಂತ ಆ ಅರಚಾಟವನ್ನೂ ಮೀರಿಸಿ ಕೂಗಿದ. "ತಪ್ಪು ನನ್ನದು!"

ತಟ್ಟನೆ ಸದ್ದು ನಿಂತಿತು.

ಅಂಗಡಿಯವನು ಸ್ಟೂಲು ಸರಿಸಿ, ರಿಪೇರಿಯಾದ ಕನ್ನಡಕವನ್ನು ಒರೆಸಿ ಒರೆಸಿ ಅತ್ತೆಯ ಕೈಗಿಟ್ಟ. ಅವರು ಅದನ್ನು ಮೂಗಿಗೇರಿಸಿ ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಂದು ಕಾಲಿನಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ತಮ್ಮ ಮಗಳದ್ದು.

"ನಿಮ್ಮ ಆಫೀಸಿಗೆ ಇದನ್ನೇ ತಗೊಳ್ಳಿ ಅಳಿಯಂದಿರೇ," ಅಂದರು ಫೋನನ್ನು ಚೀಲಕ್ಕೆ ಹಾಕಿಕೊಳ್ಳುತ್ತ. "ಒಳ್ಳೇ ಸಾಮಾನು. ತಪ್ಪು ಮಾಡಿದವರು ಒಪ್ಪಿಕೊಳ್ಳೋವರೆಗೂ ಬಾಯಿ ಮುಚ್ಚಲಿಲ್ಲ ನೋಡಿ."